ಲೆಖ್ ಬಯಲಿನ ಕಾಳಗ

ಆಲ್ಪ್ಸ್ ಪರ್ವತಶ್ರೇಣಿಯಲ್ಲಿ ಹುಟ್ಟಿ ಉತ್ತರಾಭಿಮುಖವಾಗಿ ಹರಿದು ಡ್ಯಾನ್ಯೂಬ್ ಮಹಾನದಿಯನ್ನು ಸೇರುವ ನದಿಗಳಲ್ಲಿ ಲೆಖ್ ಎಂಬುದೊಂದು. ಹಿಮದ ನೀರಿನಿಂದ ತುಂಬಿ, ನುಣುಪುಗಲ್ಲುಗಳನ್ನು ಉರುಳಿಸಿಕೊಂಡು ಬರುವ ಈ ನದಿಯ ದಡದಲ್ಲಿ ರೋಮನರ ಕಾಲದಿಂದಲೂ ಆಗ್ಸ್‌ಬರ್ಗ್ ಎಂಬ ಪಟ್ಟಣವುಂಟು. ಅದರ ದಕ್ಷಿಣಕ್ಕೆ ಹಬ್ಬಿಕೊಂಡಿರುವ ಮಟ್ಟಸವಾದ ಭೂಮಿಗೆ ಲೆಖ್‌ಫೆಲ್ಡ್, ಎಂದರೆ ಲೆಖ್ ನದಿಯ ಬಯಲು, ಎಂದು ಹೆಸರು. ಕ್ರಿ. ಶ. 955ನೆಯ ವರ್ಷದ ಆಗಸ್ಟ್ 10ನೆಯ ದಿನ ಈ ಪಟ್ಟಣದ ಆಸುಪಾಸಿನಲ್ಲಿ ಜರ್ಮನರ ದೊರೆಯಾದ ಒಂದನೆಯ ಒಟ್ಟೋವಿಗೂ ಮಗ್ಯಾರರೆಂಬ ಅಶ್ವಾರೋಹಿ ಜನಾಂಗಕ್ಕೂ ಘೋರವಾದ ಯುದ್ಧವು ನಡೆಯಿತು. ಅದು ಬಯಲಿನಲ್ಲಿಯೇ ನಡೆಯಿತೋ ಪಟ್ಟಣದ ಪಶ್ಚಿಮಕ್ಕಿರುವ ಕಾಡುದಿಣ್ಣೆಗಳ ಅಂಚಿನಲ್ಲಿ ನಡೆಯಿತೋ ಎಂಬ ವಿಷಯದಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ. ಹೆಸರು ಮಾತ್ರ ಬಯಲಿಗೇ ಅಂಟಿಕೊಂಡುಬಿಟ್ಟಿತು.

ಈ ಒಂದು ದಿನದ ಜಯವು ಯೂರೋಪು ಖಂಡವನ್ನು ಅನಾಗರಿಕರ ಬಾಯಿಂದ ಬಿಡಿಸಿತೆಂದು ಹಳೆಯ ಚರಿತ್ರಪುಸ್ತಕಗಳು ಘೋಷಿಸುವುವು. ಆ ಮಾತಿನಲ್ಲಿ ಸತ್ಯವಿಲ್ಲದೆ ಇಲ್ಲ. ಆದರೆ ಅದು ಗೆದ್ದವರು ಬರೆದುಕೊಂಡ ಸತ್ಯ. ಅವರು ಮೆಲ್ಲನೆ ದಾಟಿಹೋಗುವ ಸಂಗತಿಯೊಂದುಂಟು. ಅಂದು ಒಂದೇ ಧ್ವಜದ ಕೆಳಗೆ ನಿಂತು ಕಾದಿದವರಲ್ಲಿ ಅನೇಕರು ಅದಕ್ಕೆ ಒಂದು ವರ್ಷದ ಹಿಂದೆ ಒಬ್ಬರ ಕುತ್ತಿಗೆಯನ್ನೊಬ್ಬರು ಕೊಯ್ಯಲು ಹೊಂಚುತ್ತಿದ್ದವರು. ಅಂದಿನ ಗೆಲವಿಗೆ ಎಲ್ಲರಿಗಿಂತ ಹೆಚ್ಚಾಗಿ ಕಾರಣನಾದ ಸೇನಾನಿಯು ಅದೇ ಹಿಂದಿನ ವರ್ಷ ಮಗ್ಯಾರರ ಜೊತೆಗೂಡಿ ನಡೆದು, ತನ್ನ ನಾಡನ್ನು ಸುಡಲು ಬಂದವರಿಗೆ ತಾನೇ ದಾರಿ ತೋರಿಸಿದವನು. ಲೆಖ್ ಬಯಲಿನ ಕಾಳಗವನ್ನು ತಿಳಿಯಬೇಕಾದರೆ ಬಿಲ್ಲುಕತ್ತಿಗಳ ವಿಚಾರಕ್ಕಿಂತ ಈ ಮನೆಜಗಳದ ವಿಚಾರವೇ ಮುಖ್ಯವಾದುದು.

ಮಗ್ಯಾರರು ಯೂರೋಪಿನ ಪೂರ್ವದ ಹುಲ್ಲುಗಾಡುಗಳಲ್ಲಿ ಕುದುರೆಗಳನ್ನೂ ದನಕುರಿಗಳನ್ನೂ ಮೇಯಿಸಿಕೊಂಡಿದ್ದ ಅಲೆಮಾರಿ ಜನರು. ಅವರ ಭಾಷೆಯು ಜರ್ಮನ್ ಭಾಷೆಗಾಗಲಿ ನೆರೆಯ ಸ್ಲಾವರ ಭಾಷೆಗಾಗಲಿ ಸಂಬಂಧಪಟ್ಟುದಲ್ಲ. ದೂರದ ಫಿನ್ನರ ನುಡಿಗೆ ನೆಂಟತನವುಳ್ಳದ್ದು. ಪೆಚೆನೆಗ್ ಎಂಬ ಮತ್ತೊಂದು ಅಲೆಮಾರಿ ಜನಾಂಗವು ಬೆನ್ನಟ್ಟಿದುದರಿಂದ 895ರ ಸುಮಾರಿಗೆ ಅವರು ಆರ್ಪಾದನೆಂಬ ನಾಯಕನೊಡನೆ ಕಾರ್ಪೇಥಿಯನ್ ಪರ್ವತಗಳನ್ನು ದಾಟಿ, ಡ್ಯಾನ್ಯೂಬ್ ಮತ್ತು ಟಿಸಾ ನದಿಗಳ ನಡುವಣ ವಿಶಾಲವಾದ ಮೈದಾನದಲ್ಲಿ ನೆಲೆಸಿದರು. ಅವರನ್ನು ಪಶ್ಚಿಮದವರು ಕಂಡುದು ಅದೇ ಮೊದಲಲ್ಲ. 892ರಲ್ಲಿ ಜರ್ಮನರ ದೊರೆಯಾದ ಆರ್ನುಲ್ಫನು ಮೊರಾವಿಯದವರನ್ನು ಸದೆಬಡಿಯುವುದಕ್ಕಾಗಿ ಈ ಮಗ್ಯಾರರನ್ನೇ ಕರೆಯಿಸಿಕೊಂಡಿದ್ದನು. ನೆರೆಯವನ ಮೇಲಿನ ಹಗೆಗಾಗಿ ಹೊರಗಿನವನಿಗೆ ಬಾಗಿಲು ತೆರೆಯುವ ಈ ಪದ್ಧತಿಯು ಅಲ್ಲಿಂದ ಮುಂದೆ ಅರವತ್ತು ವರ್ಷಗಳ ಕಾಲ ಜರ್ಮನ್ ರಾಜ್ಯವನ್ನು ಬಿಡಲಿಲ್ಲ.

ಅವರ ಯುದ್ಧಕ್ರಮವು ಜರ್ಮನರ ಕ್ರಮಕ್ಕೆ ತೀರ ಬೇರೆಯಾಗಿದ್ದಿತು. ಮರ, ಕೊಂಬು ಮತ್ತು ನರಗಳನ್ನು ಅಂಟಿನಿಂದ ಬೆಸೆದು ಮಾಡಿದ ಗಿಡ್ಡನೆಯ ಬಿಲ್ಲು, ಹಗುರವಾದ ಉಡುಪು, ಒಬ್ಬೊಬ್ಬನಿಗೆ ಎರಡು ಮೂರು ಕುದುರೆಗಳು—ಇಷ್ಟೇ ಅವರ ಸಾಮಗ್ರಿ. ಓಡುವ ಕುದುರೆಯ ಮೇಲಿಂದ ಹಿಂದಕ್ಕೆ ತಿರುಗಿಯೂ ಗುರಿ ತಪ್ಪದೆ ಬಾಣ ಬಿಡುವುದರಲ್ಲಿ ಅವರದು ಎತ್ತಿದ ಕೈ. ಸೋತವರಂತೆ ಬೆನ್ನು ತೋರಿಸಿ ಓಡುವರು. ಗೆದ್ದೆವೆಂದು ಹಿಗ್ಗಿ ಶತ್ರುವು ಸಾಲು ಮುರಿದು ಬೆನ್ನಟ್ಟಿದಾಗ, ಮರೆಯಲ್ಲಿದ್ದವರು ಎರಡು ಕಡೆಯಿಂದಲೂ ಎದ್ದು ಬೀಳುವರು. ಕಬ್ಬಿಣದ ಬಳೆಯಂಗಿ ತೊಟ್ಟು, ಭಾರಿ ಕುದುರೆಗಳನ್ನೇರಿ, ಈಟಿ ಕತ್ತಿಗಳಿಂದ ಮೈಗೆ ಮೈ ತಾಗಿಸಿ ಕಾದುವ ಜರ್ಮನ್ ರಾವುತನಿಗೆ ಇಂತಹ ಶತ್ರುವು ಕೈಗೆ ಸಿಕ್ಕಿದರೆ ತುತ್ತು, ಸಿಕ್ಕದಿದ್ದರೆ ಮೃತ್ಯು. 907ರಲ್ಲಿ ಪ್ರೆಸ್‌ಬರ್ಗಿನ ಬಳಿ ಬವೇರಿಯದ ಸೈನ್ಯವು ನಿರ್ನಾಮವಾಯಿತು. ಸೇನಾಧಿಪತಿಯಾದ ಲುಯಿಟ್‌ಪೋಲ್ಡನೂ ಸಾಲ್ಸ್‌ಬರ್ಗಿನ ಆರ್ಚ್‌ಬಿಷಪ್ಪನೂ ಇಬ್ಬರು ಬಿಷಪ್ಪರೂ ಅಲ್ಲಿಯೇ ಮಡಿದರು. 910ರಲ್ಲಿ ಬಾಲರಾಜನಾದ ಲೂಯಿಯ ದಂಡು ಇದೇ ಆಗ್ಸ್‌ಬರ್ಗಿನ ಸಮೀಪದಲ್ಲಿ ಸುಳ್ಳು ಓಟದ ಬಲೆಗೆ ಬಿದ್ದು ಹಾಳಾಯಿತು. ಇಟಲಿಯ ಮೊಡೆನಾ ನಗರದಲ್ಲಿ ಜನರು ಮಗ್ಯಾರರ ಬಾಣಗಳಿಂದ ತಮ್ಮನ್ನು ಕಾಪಾಡಬೇಕೆಂದು ಊರ ಸಂತನಿಗೆ ಮೊರೆಯಿಡುತ್ತಿದ್ದ ಪ್ರಾರ್ಥನೆಯೊಂದು ಇಂದಿಗೂ ಉಳಿದಿದೆ.

ಅವರ ದಾಳಿಗಳ ವೃತ್ತಾಂತಗಳೆಲ್ಲವೂ ರಕ್ತಮಯವೆಂದು ತಿಳಿಯಬೇಕಾಗಿಲ್ಲ. 926ರಲ್ಲಿ ಅವರು ಸಂತ ಗಾಲನ ಮಠಕ್ಕೆ ನುಗ್ಗಿದ ಕಥೆಯನ್ನು ಎಕ್ಕೆಹಾರ್ಡನೆಂಬ ಅದೇ ಮಠದ ಸನ್ಯಾಸಿಯು ನೂರು ವರ್ಷಗಳ ಮೇಲೆ ಬರೆದಿಟ್ಟಿರುವನು. ಮಠದವರೆಲ್ಲರೂ ಓಡಿಹೋದರೂ ಹೆರಿಬಾಲ್ಡನೆಂಬ ಮುಗ್ಧನೊಬ್ಬನು ಕದಲಲಿಲ್ಲವಂತೆ. ಆ ವರ್ಷದ ಪಾದರಕ್ಷೆಗೆ ಸಲ್ಲಬೇಕಾದ ತೊಗಲನ್ನು ಉಗ್ರಾಣದ ಅಧಿಕಾರಿಯು ಇನ್ನೂ ಕೊಟ್ಟಿಲ್ಲವಾದುದರಿಂದ ತಾನು ಓಡಲಾರೆನೆಂದು ಅವನ ಹಟ. ಬಂದ ಮಗ್ಯಾರರು ಅವನ ಮಂಕುತನವನ್ನು ಕಂಡು ನಕ್ಕು ಜೀವದಾನ ಮಾಡಿದರು. ಗೋಪುರದ ತುದಿಯಲ್ಲಿದ್ದ ಹುಂಜದ ಪ್ರತಿಮೆಯನ್ನು ಆ ಊರಿನ ದೇವರೆಂದೂ ಬಂಗಾರದ್ದೆಂದೂ ಭಾವಿಸಿ ಏರಿದವನೊಬ್ಬನು ಕೆಳಗೆ ಬಿದ್ದು ಸತ್ತನು. ನೆಲಮಾಳಿಗೆಯ ದ್ರಾಕ್ಷಾರಸದ ಪೀಪಾಯಿಯನ್ನು ಒಡೆಯಲು ಒಬ್ಬನು ಕೊಡಲಿಯೆತ್ತಿದಾಗ ಹೆರಿಬಾಲ್ಡನು, ನೀವು ಹೋದ ಮೇಲೆ ನಾವು ಕುಡಿಯುವುದೇನನ್ನು ಎಂದು ಗದರಿಸಲು, ಅವರು ನಕ್ಕು ಅದನ್ನು ಬಿಟ್ಟರು. ಮಠದವರು ಹಿಂದಿರುಗಿ ಬಂದು ಅತಿಥಿಗಳು ಹೇಗಿದ್ದರೆಂದು ಕೇಳಿದಾಗ, ಅಷ್ಟು ಸಂತೋಷದಿಂದ ಉಣ್ಣುವ, ಬೇಡವೆನ್ನುವವರೆಗೆ ಬಡಿಸುವ ಜನರನ್ನು ಮಠದಲ್ಲಿ ತಾನೆಂದೂ ಕಂಡಿರಲಿಲ್ಲವೆಂದು ಅವನು ಉತ್ತರಕೊಟ್ಟನಂತೆ. ಇದೇ ದಾಳಿಯಲ್ಲಿ ವಿಬೊರಾಡಾ ಎಂಬ ತಪಸ್ವಿನಿಯು ತನ್ನ ಗುಹೆಯಂತಹ ಕೋಣೆಯಲ್ಲಿ ಕೊಡಲಿಯ ಪೆಟ್ಟಿಗೆ ಈಡಾದಳೆಂಬುದನ್ನು ಮರೆಯುವಂತಿಲ್ಲ. ಆದರೂ ಶತ್ರುವಿನ ಮುಖದಲ್ಲಿ ನಗೆಯನ್ನು ಕಂಡು ಬರೆದಿಟ್ಟ ಮಠವಾಸಿಯ ಪ್ರಾಮಾಣಿಕತೆಯು ಮೆಚ್ಚತಕ್ಕುದು.

919ರಲ್ಲಿ ಸ್ಯಾಕ್ಸನಿಯ ಹೆನ್ರಿಯು ಜರ್ಮನರಿಗೆ ದೊರೆಯಾದನು. ಈತನು ಜಾಣ. ಸೆರೆಸಿಕ್ಕಿದ ಮಗ್ಯಾರ್ ನಾಯಕನೊಬ್ಬನನ್ನು ಬಿಟ್ಟುಕೊಟ್ಟು, ಮೇಲೆ ವರ್ಷವರ್ಷವೂ ಕಪ್ಪವನ್ನು ತೆರಲು ಒಪ್ಪಿ, ಒಂಬತ್ತು ವರ್ಷಗಳ ಒಪ್ಪಂದವನ್ನು ಕೊಂಡುಕೊಂಡನು. ಆ ಅವಕಾಶದಲ್ಲಿ ಗಡಿಯುದ್ದಕ್ಕೂ ಕೋಟೆಗಳನ್ನು ಕಟ್ಟಿಸಿದನು. ಒಕ್ಕಲು ಯೋಧರಲ್ಲಿ ಒಂಬತ್ತಕ್ಕೊಬ್ಬನು ಕೋಟೆಯಲ್ಲಿ ವಾಸಮಾಡಿ ಉಳಿದ ಎಂಟು ಮಂದಿಗೂ ಮನೆಗಳನ್ನು ಸಿದ್ಧಪಡಿಸತಕ್ಕದ್ದೆಂದೂ, ಆ ಎಂಟು ಮಂದಿ ಅವನ ಹೊಲವನ್ನೂ ಉತ್ತು ಬಿತ್ತತಕ್ಕದ್ದೆಂದೂ, ಬೆಳೆಯ ಮೂರರಲ್ಲೊಂದು ಪಾಲು ಕೋಟೆಯ ಕಣಜಕ್ಕೆ ಸೇರತಕ್ಕದ್ದೆಂದೂ ಕಟ್ಟಳೆ ಮಾಡಿದನು. ಭಾರಿ ಅಶ್ವದಳವನ್ನೂ ಪಳಗಿಸಿದನು. ಅನಂತರ ಕಪ್ಪವನ್ನು ನಿಲ್ಲಿಸಿ, 933ರ ಮಾರ್ಚ್ 15ರಂದು ರಿಯಾಡೆ ಎಂಬಲ್ಲಿ ಮಗ್ಯಾರರನ್ನು ಓಡಿಸಿದನು. ಸತ್ತವರು ಕೆಲವರೇ, ಆದರೆ ಅವರನ್ನು ಓಡಿಸಬಹುದೆಂಬುದು ಗೊತ್ತಾಯಿತು. 936ರಲ್ಲಿ ಹೆನ್ರಿಯು ತೀರಿಕೊಳ್ಳಲು ಅವನ ಮಗನಾದ ಒಟ್ಟೋವಿಗೆ ಆಖೆನ್ ನಗರದಲ್ಲಿ ಪಟ್ಟಾಭಿಷೇಕವಾಯಿತು.

ಒಟ್ಟೋವಿಗೆ ಶತ್ರುಗಳು ಮನೆಯಲ್ಲಿಯೇ ಹುಟ್ಟಿದರು. ಅವನ ತಮ್ಮನಾದ ಇನ್ನೊಬ್ಬ ಹೆನ್ರಿಯು ಮತ್ತೆ ಮತ್ತೆ ದಂಗೆಯೆದ್ದು, 941ರ ಈಸ್ಟರ್ ಹಬ್ಬದಲ್ಲಿ ಅಣ್ಣನನ್ನು ಕೊಲ್ಲಿಸುವ ಸಂಚಿನಲ್ಲಿಯೂ ಸೇರಿದ್ದನು. ಒಟ್ಟೋವು ಅವನನ್ನು ಕ್ಷಮಿಸಿ, ಮುಂದೆ ಬವೇರಿಯದ ಡ್ಯೂಕ್, ಎಂದರೆ ಮಾಂಡಲಿಕ, ಪದವಿಯನ್ನೂ ಕೊಟ್ಟನು. ಕ್ಷಮೆಯು ತಮ್ಮನನ್ನು ನಿಷ್ಠಾವಂತನನ್ನಾಗಿ ಮಾಡಿತು. ಆದರೆ ಅವನ ಮೇಲೆ ಬೆಳೆದ ರಾಜಪ್ರೀತಿಯು ಮಗನನ್ನೂ ಅಳಿಯನನ್ನೂ ವಿರೋಧಿಗಳನ್ನಾಗಿ ಮಾಡಿತು. ಮಗನಾದ ಲಿಯುಡೋಲ್ಫನು ಸ್ವಾಬಿಯದ ಡ್ಯೂಕ್. ಅಳಿಯನಾದ ಕೆಂಪು ಕಾನ್ರಾಡನು ಲೊರೇನಿನ ಡ್ಯೂಕ್. 951ರಲ್ಲಿ ಒಟ್ಟೋವು ಇಟಲಿಯ ವಿಧವೆ ರಾಣಿಯಾದ ಆಡಲೇಡಳನ್ನು ಎರಡನೆಯ ಮದುವೆಯಾದಾಗ, ಹೊಸ ರಾಣಿಯ ಹೊಟ್ಟೆಯಲ್ಲಿ ಹುಟ್ಟುವ ಮಗನು ತನ್ನ ಹಕ್ಕನ್ನು ಕಸಿಯುವನೆಂದು ಲಿಯುಡೋಲ್ಫನಿಗೆ ಭಯವಾಯಿತು. ಕಾನ್ರಾಡನ ಸಿಟ್ಟಿಗೆ ಕಾರಣ ಬೇರೆ. ಇಟಲಿಯಲ್ಲಿ ಅವನು ಮಾವನ ಪರವಾಗಿ ಬೆರೆಂಗಾರನಿಗೆ ಕೊಟ್ಟ ಮಾತಿಗೆ ಒಟ್ಟೋವಿನ ಆಸ್ಥಾನದಲ್ಲಿ ತಕ್ಕ ಗೌರವವು ದೊರೆಯಲಿಲ್ಲ. ಇದು ತನಗಾದ ಅವಮಾನವೆಂದು ಅವನು ಬಗೆದನು. 953ರಲ್ಲಿ ಇಬ್ಬರೂ ಕೂಡಿ ಕತ್ತಿ ಹಿರಿದರು. ರಾಜ್ಯದ ಅರ್ಧ ಭಾಗವು ಹೊತ್ತಿಕೊಂಡಿತು. ಆ ವರ್ಷವೇ ಕಾನ್ರಾಡನ ಹೆಂಡತಿಯಾದ ಲಿಯುಟ್‌ಗಾರ್ಡಳು, ತಂದೆ ಒಂದು ಕಡೆ ಗಂಡ ಒಂದು ಕಡೆಯಾಗಿ ನಿಂತಿರುವಾಗಲೇ, ಕಾಲವಾದಳು.

ಇಂತಹ ಹೊತ್ತನ್ನು ಮಗ್ಯಾರರು ಬಿಡುವರೇ? 954ರ ವಸಂತಕಾಲದಲ್ಲಿ ಅವರು ಬವೇರಿಯವನ್ನು ದಾಟಿ ಬಂದರು. ಅವರನ್ನು ಕರೆದವರು ಯಾರು ಎಂಬ ವಿಷಯದಲ್ಲಿ ಒಂದು ಪಕ್ಷವು ಇನ್ನೊಂದರ ಮೇಲೆ ತಪ್ಪು ಹೊರಿಸುತ್ತಿದ್ದಿತು. ಆದರೆ ದಂಗೆಕೋರರು ಅವರಿಗೆ ದಾರಿಗಾರರನ್ನು ಒದಗಿಸಿದುದೂ, ಈಸ್ಟರಿಗೆ ಹಿಂದಿನ ಭಾನುವಾರದಂದು ರೈನ್ ನದಿಯ ದಡದ ವರ್ಮ್ಸ್ ಪಟ್ಟಣದಲ್ಲಿ ಬಹಿರಂಗವಾಗಿಯೇ ಅವರಿಗೆ ಔತಣವಾಗಿ ಬೆಳ್ಳಿಬಂಗಾರಗಳ ಉಡುಗೊರೆ ಸಂದುದೂ ವಿಡುಕಿಂಡನ ಗ್ರಂಥದಲ್ಲಿ ದಾಖಲಾಗಿವೆ. ವರ್ಮ್ಸ್ ಕಾನ್ರಾಡನ ವಂಶದವರ ಸ್ವಂತ ಊರು. ಅಲ್ಲಿಂದ ಅವನು ಅವರನ್ನು ತನ್ನ ವೈರಿಗಳ ಸೀಮೆಯಾದ ಲೊರೇನಿನ ಕಡೆಗೆ ತಾನೇ ನಡೆಸಿಕೊಂಡು ಹೋದನು. ಅವರು ಫ್ರಾನ್ಸನ್ನೂ ಬರ್ಗಂಡಿಯನ್ನೂ ಸೂರೆಗೈದು ಇಟಲಿಯ ಮಾರ್ಗವಾಗಿ ಮನೆಗೆ ಹಿಂದಿರುಗಿದರು.

ಈ ಕೆಲಸದಿಂದಲೇ ದಂಗೆಯ ಬೆನ್ನೆಲುಬು ಮುರಿಯಿತು. ತಂದೆಮಕ್ಕಳ ಜಗಳವನ್ನು ಜನರು ಹೇಗೋ ಸಹಿಸಿಕೊಂಡಿದ್ದರು. ಮಗ್ಯಾರರ ಕುದುರೆಗಳಿಗೆ ಸ್ವಂತ ಊರಿನ ಮೇವು ಹಾಕಿದುದನ್ನು ಸಹಿಸಲಿಲ್ಲ. ನಿನ್ನೆಯವರೆಗೆ ಲಿಯುಡೋಲ್ಫನಿಗೆ ಜಯಕಾರ ಮಾಡಿದವರು ಮುಖ ತಿರುಗಿಸಿದರು. ಜೂನ್ ತಿಂಗಳಲ್ಲಿ ಲಾಂಗೆನ್‌ಸೆನ್ ಎಂಬಲ್ಲಿ ಸಭೆ ಕೂಡಿತು. ಕಾನ್ರಾಡನು ಅಲ್ಲಿ ದೊರೆಗೆ ಶರಣಾದನು. ಡ್ಯೂಕ್ ಪದವಿ ಹೋಯಿತು. ತಲೆಯೂ ಪಿತ್ರಾರ್ಜಿತ ಭೂಮಿಯೂ ಉಳಿದುವು. ಲಿಯುಡೋಲ್ಫನು ಇನ್ನೂ ಕೆಲವು ತಿಂಗಳು ಹೆಣಗಿ ಕೊನೆಗೆ ತಂದೆಯ ಕಾಲಿಗೆ ಬಿದ್ದನು. ಒಟ್ಟೋವು ಶಿಕ್ಷಿಸುವುದರಲ್ಲಿ ತೋರಿದ ಈ ಮಿತವೇ ಮುಂದಿನ ವರ್ಷ ಅವನನ್ನು ಕಾಪಾಡಿತು. ಅಳಿಯನ ತಲೆಯನ್ನು ತೆಗೆಸಿದ್ದರೆ ಲೆಖ್ ಬಯಲಿನಲ್ಲಿ ನಾಲ್ಕನೆಯ ದಳಕ್ಕೆ ನಾಯಕನಿರುತ್ತಿರಲಿಲ್ಲ.

955ರ ಜುಲೈ ತಿಂಗಳಲ್ಲಿ ಒಟ್ಟೋವು ಸ್ಯಾಕ್ಸನಿಗೆ ಬಂದಾಗ ಮಗ್ಯಾರರ ರಾಯಭಾರಿಗಳು ಬಂದು ಕಂಡರು. ಹಳೆಯ ಸ್ನೇಹವನ್ನು ನೆನೆದು ಬಂದೆವೆಂದು ಅವರ ಮಾತು. ಮನೆಜಗಳದಿಂದ ರಾಜ್ಯವು ಎಷ್ಟು ಬಡವಾಗಿದೆಯೆಂದು ನೋಡಿಹೋಗುವುದು ಅವರ ಉದ್ದೇಶ. ಚಿಕ್ಕ ಉಡುಗೊರೆಗಳನ್ನು ಕೊಟ್ಟು ಅವರನ್ನು ಕಳುಹಿಸಿದ ಬೆನ್ನಿಗೇ, ಮಗ್ಯಾರರು ಗಡಿ ದಾಟಿದರೆಂದು ಬವೇರಿಯದಿಂದ ತಮ್ಮನಾದ ಹೆನ್ರಿಯ ದೂತರು ಓಡಿಬಂದರು. ಹೆನ್ರಿಯು ಆಗಲೇ ಹಾಸಿಗೆ ಹಿಡಿದಿದ್ದನು. ಸ್ಯಾಕ್ಸನರಿಗೆ ಸ್ಲಾವರೊಡನೆ ಯುದ್ಧ ತಲೆಯ ಮೇಲಿದ್ದುದರಿಂದ ಒಟ್ಟೋವು ಅವರಲ್ಲಿ ಕೆಲವರನ್ನೇ ಕರೆದುಕೊಂಡು ದಕ್ಷಿಣಕ್ಕೆ ಧಾವಿಸಿದನು.

ಅಷ್ಟರಲ್ಲಿ ಮಗ್ಯಾರರು ಬುಲ್ಚು, ಲೆಹೆಲ್ ಮೊದಲಾದ ನಾಯಕರೊಡನೆ ಆಗ್ಸ್‌ಬರ್ಗಿಗೆ ಮುತ್ತಿಗೆ ಹಾಕಿದ್ದರು. ಈ ಬುಲ್ಚುವು ಕೆಲವು ವರ್ಷಗಳ ಹಿಂದೆ ಕಾನ್‌ಸ್ಟಾಂಟಿನೋಪಲ್ ನಗರಕ್ಕೆ ಹೋಗಿ ಕ್ರೈಸ್ತದೀಕ್ಷೆಯನ್ನೂ ಚಕ್ರವರ್ತಿಯಿಂದ ಬಿರುದನ್ನೂ ಪಡೆದು ಬಂದವನು, ಕಾಡುಮನುಷ್ಯನಲ್ಲ. ಒಂದು ಮಠದ ವರ್ಷಾವಳಿಯು ಮಗ್ಯಾರರ ಸಂಖ್ಯೆಯನ್ನು ಒಂದು ಲಕ್ಷವೆನ್ನುವುದು. ಅಷ್ಟು ಸವಾರರ ಕುದುರೆಗಳಿಗೆ ಮೇವು ಎಲ್ಲಿಯದೆಂದು ಬರೆದವನು ಯೋಚಿಸಲಿಲ್ಲ. ಆದರೂ ದೊಡ್ಡ ದಂಡೆಂಬುದರಲ್ಲಿ ಸಂದೇಹವಿಲ್ಲ.

ಪಟ್ಟಣದ ಗೋಡೆಗಳು ತಗ್ಗು, ಮೇಲೆ ಬುರುಜುಗಳಿಲ್ಲ. ಒಳಗಿದ್ದವನು ಬಿಷಪ್ಪನಾದ ಉಲ್ರಿಕನು. 923ರಿಂದ ಆ ಪೀಠದಲ್ಲಿದ್ದು ಅರವತ್ತೈದರ ಸಮೀಪಕ್ಕೆ ಬಂದಿದ್ದ ಈ ವೃದ್ಧನ ಚರಿತ್ರೆಯನ್ನು ಅವನ ಶಿಷ್ಯವರ್ಗದ ಗೆರ್ಹಾರ್ಡನು ಬರೆದಿರುವನು. ಆಗಸ್ಟ್ 8ರಂದು ಶತ್ರುಗಳು ನದಿಯ ಕಡೆಯ ಪೂರ್ವದ್ವಾರಕ್ಕೆ ಲಗ್ಗೆಯಿಟ್ಟಾಗ ಉಲ್ರಿಕನು ಕುದುರೆಯೇರಿ ತನ್ನವರ ನಡುವೆ ನಿಂತನು. ಮೈಮೇಲೆ ಪೂಜಾವಸ್ತ್ರವೊಂದೇ, ಕವಚವಿಲ್ಲ, ಶಿರಸ್ತ್ರಾಣವಿಲ್ಲ, ಗುರಾಣಿಯಿಲ್ಲ. ಸುತ್ತಲೂ ಕಲ್ಲುಬಾಣಗಳು ಸುರಿಯುತ್ತಿದ್ದರೂ ಅವನಿಗೆ ಗಾಯವಾಗಲಿಲ್ಲ. ಮಗ್ಯಾರರ ಮುಂದಾಳೊಬ್ಬನು ಬೀಳಲು ಅವರು ಕೂಗಿಡುತ್ತ ಹಿಂಜರಿದರು. ಅಂದಿನ ರಾತ್ರಿಯೆಲ್ಲ ಬಿಷಪ್ಪನು ಗೋಡೆಗಳನ್ನು ದುರಸ್ತಿ ಮಾಡಿಸಿದನು. ಹೆಂಗಸರಲ್ಲಿ ಒಂದು ಗುಂಪು ಶಿಲುಬೆಗಳನ್ನು ಹಿಡಿದು ಊರೊಳಗೆ ಮೆರವಣಿಗೆ ಹೋಗುತ್ತಿದ್ದಿತು. ಇನ್ನೊಂದು ಗುಂಪು ದೇವಾಲಯದ ನೆಲದ ಮೇಲೆ ಅಡ್ಡಬಿದ್ದು ಪ್ರಾರ್ಥಿಸುತ್ತಿದ್ದಿತು. ಮರುದಿನ ಬೆಳಗ್ಗೆ ಮಗ್ಯಾರರು ಕೋಟೆಯೊಡೆಯುವ ಸಲಕರಣೆಗಳನ್ನು ಹೊತ್ತು ಬಂದರು. ಹೋರಾಡಲೊಲ್ಲದ ಕಾಲಾಳುಗಳನ್ನು ಹಿಂದಿನಿಂದ ಚಾವಟಿಯಿಂದ ಹೊಡೆದು ಮುಂದಕ್ಕೆ ನೂಕುತ್ತಿದ್ದರೆಂದು ಗೆರ್ಹಾರ್ಡನು ಹೇಳುವನು. ಮಿಂಚಿನಂತೆ ಬಂದು ಮಿಂಚಿನಂತೆ ಹೋಗುವುದೇ ಬಲವಾಗಿದ್ದ ಜನರು ಗೋಡೆಯ ಬುಡದಲ್ಲಿ ಹೀಗೆ ಕಾಲೂರಿ ನಿಂತುದು ಅವರ ಮೊದಲನೆಯ ತಪ್ಪು.

ಅಷ್ಟರಲ್ಲಿ ಒಬ್ಬ ಜರ್ಮನನು ಮಗ್ಯಾರರ ಪಾಳೆಯಕ್ಕೆ ಬಂದು, ಒಟ್ಟೋವು ಸಮೀಪಿಸಿದನೆಂಬ ಸುದ್ದಿಯನ್ನು ತಲುಪಿಸಿದನು. ರೈಸನ್ಸ್‌ಬರ್ಗ್ ಕೋಟೆಯ ಬೆರ್ಟೋಲ್ಡನೆಂದು ಅವನ ಹೆಸರು. ಹಿಂದಿನ ವರ್ಷದ ದಂಗೆಯಲ್ಲಿ ಮಡಿದ ಆರ್ನುಲ್ಫನ ಮಗನೆಂದೂ, 907ರಲ್ಲಿ ಮಗ್ಯಾರರೊಡನೆ ಕಾದಿ ಪ್ರಾಣಬಿಟ್ಟ ಲುಯಿಟ್‌ಪೋಲ್ಡನ ವಂಶದವನೆಂದೂ ಅವನನ್ನು ಇತಿಹಾಸಕಾರರು ಗುರುತಿಸಿರುವರು. ಆ ವಂಶದ ಕೈತಪ್ಪಿದ ಬವೇರಿಯವು ದೊರೆಯ ತಮ್ಮನಿಗೆ ಸೇರಿದುದು ಅವನಿಗೆ ಮರೆಯದ ನೋವಾಗಿದ್ದಿರಬೇಕು. ಸುದ್ದಿಯನ್ನು ಕೇಳಿದೊಡನೆ ಕೊಂಬು ಊದಿತು. ಮಗ್ಯಾರರು ಮುತ್ತಿಗೆಯನ್ನು ಬಿಟ್ಟು ದೊರೆಯ ಕಡೆಗೆ ತಿರುಗಿದರು. ಆ ರಾತ್ರಿ ಉಲ್ರಿಕನ ಸೋದರನಾದ ಡೀಟ್‌ಪಾಲ್ಡನು ಕೈಲಾದವರನ್ನು ಕರೆದುಕೊಂಡು ಊರನ್ನು ಬಿಟ್ಟು ಒಟ್ಟೋವಿನ ದಂಡನ್ನು ಸೇರಿಕೊಂಡನು.

ದೊರೆಯ ಪಾಳೆಯಕ್ಕೆ ಬವೇರಿಯದವರು, ಸ್ವಾಬಿಯದವರು, ಬೊಹಿಮಿಯದವರು ಬಂದಿದ್ದರು. ಬೊಹಿಮಿಯವು ಐದು ವರ್ಷಗಳ ಹಿಂದಿನವರೆಗೂ ಒಟ್ಟೋವಿಗೆ ಶತ್ರುರಾಜ್ಯವಾಗಿದ್ದಿತು. ಕಡೆಗೆ ಕಾನ್ರಾಡನು ಫ್ರಾಂಕೋನಿಯದ ರಾವುತರೊಡನೆ ಬಂದನು. ಅವನನ್ನು ಕಂಡೊಡನೆ ಸೈನಿಕರ ಉತ್ಸಾಹವು ಉಕ್ಕಿ, ಯುದ್ಧವನ್ನು ಇನ್ನು ತಡೆಯಬಾರದೆಂದು ಎಲ್ಲರೂ ಕೂಗಿದರಂತೆ. ಕುದುರೆಯ ಮೇಲಾಗಲಿ ನೆಲದ ಮೇಲಾಗಲಿ ಅವನಂತಹ ಕಾದಾಳು ದುರ್ಲಭನೆಂದು ವಿಡುಕಿಂಡನು ಹೊಗಳುವನು. ಈ ವಿಡುಕಿಂಡನು ಕಾರ್ವಿ ಮಠದ ಸನ್ಯಾಸಿ. ತನ್ನ ಗ್ರಂಥವನ್ನು ಒಟ್ಟೋವಿನ ಮಗಳಿಗೆ ಅರ್ಪಿಸಿದವನು. ದೊರೆಗೆ ದ್ರೋಹ ಬಗೆದವನನ್ನು ದೊರೆಯ ಮಗಳ ಮುಂದೆ ಹೀಗೆ ಹೊಗಳಬೇಕಾದರೆ ಆ ಕೀರ್ತಿಯು ಮರೆಮಾಚಲಾಗದಷ್ಟು ದೊಡ್ಡದಾಗಿದ್ದಿರಬೇಕು.

ಆಗಸ್ಟ್ 9ರಂದು ಸೈನ್ಯವೆಲ್ಲ ಉಪವಾಸ ಮಾಡಿತು. ಮರುದಿನ ಸಂತ ಲಾರೆನ್ಸನ ಹಬ್ಬ. ನಸುಕಿನಲ್ಲಿ ಎದ್ದು ಒಬ್ಬರನ್ನೊಬ್ಬರು ಕ್ಷಮಿಸಿ ಶಾಂತಿಯನ್ನು ಕೊಟ್ಟುಕೊಂಡರು. ಪ್ರತಿಯೊಬ್ಬನೂ ಮೊದಲು ತನ್ನ ನಾಯಕನಿಗೂ ಅನಂತರ ಪಕ್ಕದವನಿಗೂ ನೆರವಾಗುವೆನೆಂದು ಆಣೆಯಿಟ್ಟನು. ಕ್ರೈಸ್ತಸೈನ್ಯಗಳಲ್ಲಿ ಇದೊಂದು ವಾಡಿಕೆಯ ಕರ್ಮ. ಆದರೆ ಅಂದು ಅಲ್ಲಿ ನಿಂತವರಿಗೆ ಅದು ಬರಿಯ ವಾಡಿಕೆಯಾಗಿದ್ದಿರಲಾರದು. ಪಕ್ಕದವನು ಹಿಂದಿನ ಬೇಸಗೆಯಲ್ಲಿ ಎದುರು ಪಕ್ಷದಲ್ಲಿದ್ದವನು. ಆ ಆಣೆಯನ್ನು ನಂಬದಿದ್ದರೆ ಮುಂದಿನ ಕೆಲವು ಗಂಟೆಗಳಲ್ಲಿ ಆ ಸೈನ್ಯವು ಚೆಲ್ಲಾಪಿಲ್ಲಿಯಾಗಿ ಹೋಗುತ್ತಿದ್ದಿತು.

ಎಂಟು ದಳಗಳು ಒಂದರ ಹಿಂದೊಂದು ಹೊರಟುವು. ಮುಂದೆ ಬವೇರಿಯದ ಮೂರು ದಳಗಳು, ನಾಲ್ಕನೆಯದು ಕಾನ್ರಾಡನದು, ಐದನೆಯದು ಎಲ್ಲಕ್ಕೂ ದೊಡ್ಡದು, ದೊರೆಯ ಸ್ವಂತ ದಳ, ಅದರ ಮುಂದೆ ದೇವದೂತನಾದ ಮೈಕೇಲನ ಧ್ವಜ, ಆರು ಮತ್ತು ಏಳು ಬುರ್ಖಾರ್ಡನ ಕೈಕೆಳಗಿನ ಸ್ವಾಬಿಯದವರು, ಕೊನೆಯಲ್ಲಿ ಸಾಮಾನು ಸರಂಜಾಮುಗಳೊಡನೆ ಒಂದು ಸಾವಿರ ಬೊಹಿಮಿಯದವರು. ಒಟ್ಟು ಎಂಟು ಹತ್ತು ಸಾವಿರಕ್ಕೆ ಹೆಚ್ಚಿರಲಾರದು. ಮಗ್ಯಾರರ ಬಾಣಗಳಿಗೆ ಗುರಿಯಾಗದಿರಲೆಂದು ಗಿಡಮರಗಳ ಮರೆಯಿದ್ದ ಹಳ್ಳತಿಟ್ಟುಗಳ ದಾರಿಯನ್ನು ಹಿಡಿದರು. ಅತ್ಯಂತ ಕ್ಷೇಮವಾದ ಸ್ಥಳವೆಂದು ಸಾಮಾನನ್ನು ಹಿಂದಿಟ್ಟಿದ್ದರು. ಮಗ್ಯಾರರಾದರೋ ತಡಮಾಡದೆ ನದಿಯನ್ನು ದಾಟಿ, ಸೈನ್ಯವನ್ನು ಬಳಸಿ ಬಂದು, ಆ ಹಿಂಭಾಗದ ಮೇಲೆಯೇ ಬಿದ್ದರು. ಬಾಣಗಳ ಮಳೆ, ಅದರೊಡನೆ ಮೈನವಿರೇಳುವ ಕೂಗು. ಬೊಹಿಮಿಯದವರು ಕ್ಷಣಮಾತ್ರದಲ್ಲಿ ದಿಕ್ಕುಪಾಲಾದರು. ಸಾಮಾನೆಲ್ಲ ಶತ್ರುಗಳ ವಶವಾಯಿತು. ಏಳನೆಯ ದಳವೂ ಆರನೆಯ ದಳವೂ ಅದೇ ರಭಸದಲ್ಲಿ ಬೆನ್ನು ತೋರಿಸಿದುವು. ಮುಂದೆ ಶತ್ರು, ಹಿಂದೆಯೂ ಶತ್ರು. ದೊರೆಯು ನಡುವೆ ಸಿಕ್ಕಿಕೊಂಡನು.

ಆಗ ಒಟ್ಟೋವು ಕಾನ್ರಾಡನನ್ನು ಹಿಂದಕ್ಕೆ ಕಳುಹಿಸಿದನು. ಮಗ್ಯಾರರ ಜೊತೆಗಾರನಾಗಿದ್ದವನ ಕೈಗೆ ತನ್ನ ಬೆನ್ನನ್ನು ಒಪ್ಪಿಸಿದನೆಂದರೆ ಸರಿ. ಈ ಒಂದು ಆಜ್ಞೆಯಲ್ಲಿ ಒಟ್ಟೋವಿನ ದೊಡ್ಡತನವು ಎಷ್ಟು ಕಾಣುವುದೋ ಅಷ್ಟು ಅವನ ಬೇರೆ ಯಾವ ಯುದ್ಧದಲ್ಲಿಯೂ ಕಾಣುವುದಿಲ್ಲ. ಕಾನ್ರಾಡನ ದಳದಲ್ಲಿ ಎಳೆಯರೇ ಹೆಚ್ಚು. ಮಗ್ಯಾರರು ಕುದುರೆಗಳಿಂದಿಳಿದು ಸುಲಿಗೆಯಲ್ಲಿ ಮುಳುಗಿದ್ದರು; ಬಿಲ್ಲಿನ ಸರದಾರರು ಗಂಟುಮೂಟೆ ಬಿಚ್ಚುತ್ತಿರುವ ಹೊತ್ತಿನಲ್ಲಿ ಈಟಿಯ ರಾವುತರು ಅವರ ಮೇಲೆ ಬಿದ್ದರು. ಸಾಮಾನೂ ಸೆರೆಯಾಳುಗಳೂ ಬಿಡುಗಡೆಯಾಗಿ, ಕಾನ್ರಾಡನು ಧ್ವಜವೆತ್ತಿಕೊಂಡು ದೊರೆಯ ಬಳಿಗೆ ಹಿಂದಿರುಗಿದನು. ಕಾಳಗದ ತಿರುವು ಅಲ್ಲಿಯೇ ಆಯಿತು. ಅನಂತರ ದೊರೆಯು ತನ್ನವರಿಗೆ ಧೈರ್ಯ ಹೇಳಿ, ಗುರಾಣಿಯನ್ನೂ ಪವಿತ್ರವಾದ ಈಟಿಯನ್ನೂ ಹಿಡಿದು, ಎಲ್ಲರಿಗಿಂತ ಮುಂದಾಗಿ ಶತ್ರುಗಳ ಕಡೆಗೆ ಕುದುರೆ ಬಿಟ್ಟನು. ಅಂದು ಅವನ ಕೈಯಲ್ಲಿದ್ದುದೆಂದು ಹೇಳುವ ಆ ಈಟಿಯು ವಿಯೆನ್ನಾ ನಗರದ ರಾಜಭಂಡಾರದಲ್ಲಿದೆ. ಮಗ್ಯಾರರಲ್ಲಿ ದಿಟ್ಟರಾದವರು ಕೆಲವು ಹೊತ್ತು ಎದುರಿಸಿ ನಿಂತರು. ಜೊತೆಯವರು ಓಡುತ್ತಿರುವುದನ್ನು ಕಂಡು ಕಂಗೆಟ್ಟು ಕೊಚ್ಚಿಹೋದರು.

ಅದು ಸುಡುಬಿಸಿಲಿನ ದಿನ. ಕಾದಿ ಕಾದಿ ದಣಿದ ಕಾನ್ರಾಡನು, ಕವಚದೊಳಗಿನ ಬೇಗೆಯನ್ನು ತಾಳಲಾರದೆ, ಉಸಿರಾಡುವುದಕ್ಕೆಂದು ಕೊರಳಿನ ಬಳಿಯ ಪಟ್ಟಿಗಳನ್ನು ಸಡಿಲಿಸಿದನು. ಎಲ್ಲಿಂದಲೋ ಬಂದ ಬಾಣವೊಂದು ಗಂಟಲಿಗೆ ನಾಟಿತು. ದೊರೆಯು ಅವನ ದೇಹವನ್ನು ಗೌರವದಿಂದ ಸಿದ್ಧಪಡಿಸಿ ವರ್ಮ್ಸ್ ಪಟ್ಟಣಕ್ಕೆ ಕಳುಹಿಸಿಕೊಟ್ಟನು. ಹದಿನಾರು ಹದಿನೇಳು ತಿಂಗಳ ಹಿಂದೆ ಮಗ್ಯಾರರಿಗೆ ಔತಣವಾದ ಊರಿನಲ್ಲಿಯೇ ಅವರ ಬಾಣದಿಂದ ಸತ್ತವನಿಗೆ ಸಮಾಧಿಯಾಯಿತು. ಫ್ರಾಂಕರೆಲ್ಲರೂ ಅವನಿಗಾಗಿ ಕಣ್ಣೀರಿಟ್ಟರೆಂದು ವಿಡುಕಿಂಡನು ಹೇಳುವನು. 1024ರಲ್ಲಿ ಜರ್ಮನರ ಸಿಂಹಾಸನವನ್ನೇರಿದ ಎರಡನೆಯ ಕಾನ್ರಾಡನು ಈತನ ಮರಿಮೊಮ್ಮಗ.

ಪಟ್ಟಣದ ಗೋಡೆಗಳ ಮೇಲೆ ನಿಂತು ನೋಡುತ್ತಿದ್ದವರಿಗೆ ಯುದ್ಧವು ಕಾಣುತ್ತಿರಲಿಲ್ಲ. ಸಂಜೆ ಮಗ್ಯಾರರ ದೊಡ್ಡ ಗುಂಪು ತಮ್ಮ ಕಡೆಗೇ ಬರುವುದನ್ನು ಕಂಡು, ಮತ್ತೆ ಲಗ್ಗೆಯಾಗುವುದೆಂದು ಅವರು ನಡುಗಿದರು. ಆ ಗುಂಪು ಊರನ್ನು ಕಣ್ಣೆತ್ತಿಯೂ ನೋಡದೆ ನದಿಯ ಕಡೆಗೆ ನುಗ್ಗಿದ ಮೇಲೆ ಅವರಿಗೆ ಸಂಗತಿಯು ಹೊಳೆಯಿತು. ಲೆಖ್ ನದಿಯ ಆಚೆಯ ದಡದಲ್ಲಿ ಕಾಲೂರಲು ನೆಲೆ ಸಿಕ್ಕದೆ ಅನೇಕರು ಪ್ರವಾಹದ ಪಾಲಾದರು. ಕುದುರೆ ಸೋತು ಹಳ್ಳಿಗಳಲ್ಲಿ ಅಡಗಿದವರು ಗುಡಿಸಲುಗಳೊಡನೆ ಬೆಂದುಹೋದರು. ಮುಂದಿನ ಎರಡು ದಿನಗಳಲ್ಲಿ ನದಿಗಳ ಕಡವುಗಳನ್ನೂ ದಾರಿಗಳನ್ನೂ ಕೋಟೆಕಾವಲಿನವರು ಹಿಡಿದು ನಿಂತು, ಸಿಕ್ಕಿದವರನ್ನು ಸಿಕ್ಕಿದಲ್ಲಿ ಕೊಂದರು. ಇತ್ತೀಚಿನ ಸಂಶೋಧಕರಲ್ಲಿ ಬೌಲಸ್ ಎಂಬಾತನು, ಮಗ್ಯಾರರ ನಾಶಕ್ಕೆ ಯುದ್ಧಕ್ಕಿಂತ ಈ ಬೆನ್ನಟ್ಟುವಿಕೆಯೇ ಮುಖ್ಯ ಕಾರಣವೆಂದೂ, ಮಳೆ ಬಂದು ಹೊಳೆಗಳು ಉಕ್ಕಿ ಬಿಲ್ಲಿನ ಅಂಟು ಬಿಟ್ಟಿರಬೇಕೆಂದೂ ವಾದಿಸಿರುವನು. ಮಳೆಯ ಮಾತು ಊಹೆ. ಕಡವುಗಳ ಮಾತು ದಿಟ. ತಂದೆಯಾದ ಹೆನ್ರಿಯು ಕಟ್ಟಿಸಿದ ಕೋಟೆಗಳ ನೀತಿಯು ಮಗನ ಕಾಲದಲ್ಲಿ ಫಲಿಸಿತೆಂದು ಹೇಳಬಹುದು.

ಒಟ್ಟೋವು ಅಂದಿನ ರಾತ್ರಿಯನ್ನು ಆಗ್ಸ್‌ಬರ್ಗಿನಲ್ಲಿ ಬಿಷಪ್ಪನ ಅತಿಥಿಯಾಗಿ ಕಳೆದನು. ಉಲ್ರಿಕನು ರಣರಂಗಕ್ಕೆ ಹೋಗಿ ಹೆಣಗಳ ನಡುವೆ ತನ್ನವರನ್ನು ಹುಡುಕಿ, ಸೋದರನಾದ ಡೀಟ್‌ಪಾಲ್ಡನನ್ನೂ ಸೋದರಿಯ ಮಗನಾದ ರೆಗಿನ್‌ಬಾಲ್ಡನನ್ನೂ ತಂದು ತನ್ನ ಪ್ರಧಾನ ದೇವಾಲಯದಲ್ಲಿ ಹೂಳಿಸಿದನು. ಜಯಶಾಲಿಯಾದ ದೊರೆಯನ್ನು ಸೈನ್ಯವು ಅಲ್ಲಿಯೇ ಚಕ್ರವರ್ತಿಯೆಂದು ಕೂಗಿ ಸಾರಿತೆಂಬ ವಿಡುಕಿಂಡನ ಮಾತು ರೋಮನ್ ಚರಿತ್ರೆಗಳನ್ನು ಓದಿದವನ ಅಲಂಕಾರವಿದ್ದೀತು. ರೋಮ್ ನಗರದಲ್ಲಿ ಆ ಪಟ್ಟವಾದುದು 962ರಲ್ಲಿ.

ಸೆರೆಸಿಕ್ಕಿದ ಬುಲ್ಚುವ ಮತ್ತು ಲೆಹೆಲನ ಗತಿಯನ್ನು ಹೇಳಬೇಕಾಗಿದೆ. ಅವರನ್ನು ರೇಗನ್ಸ್‌ಬರ್ಗಿಗೆ ಒಯ್ದು, ರೋಗಶಯ್ಯೆಯಲ್ಲಿದ್ದ ಡ್ಯೂಕ್ ಹೆನ್ರಿಯ ಮುಂದೆ ನಿಲ್ಲಿಸಿದರು. ಅವನು ಅವರನ್ನು ಗಲ್ಲಿಗೇರಿಸಿದನು. ನವೆಂಬರ್ ಒಂದನೆಯ ದಿನ ತಾನೂ ಸತ್ತನು. ಹಂಗೆರಿಯ ಜನರು ಹೇಳುವ ಕಥೆ ಬೇರೆ. ಕೊನೆಯ ಆಸೆಯೇನೆಂದು ಕೇಳಲು ಲೆಹೆಲನು ತನ್ನ ಕೊಂಬನ್ನು ಊದಬೇಕೆಂದನಂತೆ. ಕೊಂಬು ಕೈಗೆ ಬಂದೊಡನೆ ಅದರಿಂದ ಚಕ್ರವರ್ತಿ ಕಾನ್ರಾಡನ ಹಣೆಗೆ ಅಪ್ಪಳಿಸಿ, ಪರಲೋಕದಲ್ಲಿ ನೀನು ನನಗೆ ಆಳಾಗು ಎಂದನಂತೆ. ಸೀಮೋನನೆಂಬ ಹಂಗೆರಿಯ ಹಳೆಯ ಚರಿತ್ರಕಾರನೇ ಇದನ್ನು ಕಟ್ಟುಕಥೆಯೆಂದು ತಳ್ಳಿಹಾಕಿರುವನು. ಆದರೂ ಯಾಸ್‌ಬೆರೆನ್ ಎಂಬ ಊರಿನ ವಸ್ತುಸಂಗ್ರಹಾಲಯದಲ್ಲಿ ದಂತದಲ್ಲಿ ಕೆತ್ತಿದ ಹಳೆಯ ಕೊಂಬೊಂದನ್ನು ಲೆಹೆಲನದೆಂದೇ ಇಟ್ಟಿರುವರು. ಆ ಯುದ್ಧದಲ್ಲಿ ಕಾನ್ರಾಡನೆಂಬ ದೊಡ್ಡ ಶತ್ರುವೊಬ್ಬನು ತಮ್ಮವರ ಕೈಯಲ್ಲಿ ಸತ್ತನೆಂಬ ನೆನಪು ಸೋತವರಲ್ಲಿ ಉಳಿದು, ಬಾಣವು ಕೊಂಬಾಗಿ, ಡ್ಯೂಕನು ಚಕ್ರವರ್ತಿಯಾಗಿ ಬೆಳೆದಿರಬಹುದು.

ಮಗ್ಯಾರರು ಆಮೇಲೆ ಪಶ್ಚಿಮದತ್ತ ದಂಡೆತ್ತಿ ಬರಲಿಲ್ಲ. ಹುಲ್ಲುಗಾವಲಿನ ಜನರು ನೇಗಿಲು ಹಿಡಿದರು. 973ರ ಈಸ್ಟರ್ ಹಬ್ಬದಲ್ಲಿ ಮುಪ್ಪಿನ ಒಟ್ಟೋವಿನ ಆಸ್ಥಾನಕ್ಕೆ ಕ್ವೆಡ್ಲಿನ್‌ಬರ್ಗಿನಲ್ಲಿ ಬಂದ ದೂತರ ನಡುವೆ ಹಂಗೆರಿಯವರೂ ಇದ್ದರು. ಆರ್ಪಾದನ ವಂಶದ ಸ್ಟೀಫನನು ಹೊಸ ಸಹಸ್ರಾಬ್ದಿಯ ಆರಂಭದಲ್ಲಿ ಕ್ರೈಸ್ತರಾಜನಾಗಿ ಪಟ್ಟಕಟ್ಟಿಕೊಂಡನು. ಅವನು ಕೈಹಿಡಿದ ಗಿಸೆಲಳು ಬವೇರಿಯದ ರಾಜಕುಮಾರಿ. ರೇಗನ್ಸ್‌ಬರ್ಗಿನಲ್ಲಿ ಬುಲ್ಚುವನ್ನೂ ಲೆಹೆಲನ್ನೂ ಗಲ್ಲಿಗೇರಿಸಿದ ಡ್ಯೂಕ್ ಹೆನ್ರಿಯ ಮೊಮ್ಮಗಳು. ಗಂಡನು ತೀರಿಕೊಂಡ ಮೇಲೆ ಅವಳು ತವರುಸೀಮೆಗೆ ಹಿಂದಿರುಗಿ, ಡ್ಯಾನ್ಯೂಬ್ ನದಿಯ ದಡದ ಪಾಸ್ಸೌ ಪಟ್ಟಣದ ಸನ್ಯಾಸಿನಿಯರ ಮಠದಲ್ಲಿ ಕೊನೆಯ ದಿನಗಳನ್ನು ಕಳೆದಳು. ಅವಳ ಸಮಾಧಿಯು ಅಲ್ಲಿದೆ. ಹಂಗೆರಿಯಿಂದ ಬರುವ ಯಾತ್ರಿಕರು ಅದರ ಮೇಲೆ ತಮ್ಮ ನಾಡಿನ ಬಣ್ಣದ ಪಟ್ಟಿಗಳನ್ನು ಕಟ್ಟಿಹೋಗುವರು.